ಪಾವಣೆ ಎಂಟು

ಕಳೆದ ತಿಂಗಳು ಗೋವಾಕ್ಕೆ ಹೊರಟಿದ್ದ ನಮ್ಮ ಬಸ್ಸು ಜಾಂಬೋಟಿಯಲ್ಲಿ ಹತ್ತು ನಿಮಿಷ ನಿಂತಿತು. ನನ್ನ ಕಿಟಕಿಯ ಕೆಳಗೇ ಪಂಕ್ಚರ್ ಅಂಗಡಿ. ಅಂಗಡಿಯಾತ ಟ್ಯೂಬಿಗೆ ಸೊಲ್ಯೂಷನ್ ಬಳಿದು ಉಫ್ ಉಫ್ ಎಂದು ಊದುತ್ತಿದ್ದ. ಆ ವಾಸನೆ ಮೂಗಿಗೆ ಹತ್ತಿದ್ದೇ ತಡ, ಪಕ್ಕದಲ್ಲಿ ಕುಳಿತಿದ್ದ ತಂಗಿ ಏನೋ ಕೇಳುತ್ತಿದ್ದುದು ನನ್ನ ಕಿವಿಗೆ ಬೀಳಲೇ ಇಲ್ಲ. "ಎಲ್ಲಿ ಕಳೆದುಹೋದೆ?" ಎಂದು ಅವಳು ಮೊಣಕೈಯಿಂದ ತಿವಿದಳು. ಖಾನಾಪುರದಲ್ಲಿ ಎಂದೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಇಪ್ಪತ್ತಮೂರು. ನಾನು ಮದ್ದೂರು ಕಡೆಯವಳು. ಖಾನಾಪುರದ ಪೇಟೆಯಲ್ಲಿ ಹೊಸದಾಗಿ ತೆರೆದ ಟೈಪಿಂಗ್ ಕ್ಲಾಸಿಗೆ ಕನ್ನಡ, ಇಂಗ್ಲಿಷ್ ಎರಡೂ ಕಲಿಸುವವರು ಬೇಕು ಎಂಬ ಜಾಹೀರಾತು ನೋಡಿ ಅರ್ಜಿ ಹಾಕಿದ್ದೆ. ಕೆಲಸ ಸಿಕ್ಕಿತು ಎಂದಾಗ ಅಪ್ಪ ಭೂಪಟ ಬಿಡಿಸಿ, ಖಾನಾಪುರದ ಮೇಲೆ ಬೆರಳಿಟ್ಟು, "ಇದು ನಮ್ಮ ರಾಜ್ಯದಲ್ಲೇ ಇದೆಯೇನೇ?" ಎಂದು ಕೇಳಿದ್ದರು.

ಕ್ಲಾಸು ನಡೆಯುತ್ತಿದ್ದುದು ಬಸವಂತಪ್ಪ ಸಾವುಕಾರರ ಅಕ್ಕಿ ಗಿರಣಿಯ ಮಹಡಿಯಲ್ಲಿ. ಕೆಳಗೆ ಗಿರಣಿಯ ಸದ್ದು, ಮೇಲೆ ಆರು ಟೈಪ್‌ರೈಟರುಗಳ ಸದ್ದು. ಮಳೆಗಾಲದಲ್ಲಿ ಇವೆರಡನ್ನೂ ನುಂಗುವ ತಗಡಿನ ಮೇಲಿನ ಮಳೆ. ಆ ವರ್ಷ ಜೂನಿನಿಂದ ಸೆಪ್ಟೆಂಬರಿನವರೆಗೆ ಬಿಸಿಲು ನೋಡಿದ ನೆನಪೇ ನನಗಿಲ್ಲ. ಮಲಪ್ರಭೆ ಎರಡು ಸಲ ದಂಡೆ ಮೀರಿ ಬಂದಳು. ಸೀರೆಗಳು ಒಣಗದೆ ಮುಗ್ಗಲು ವಾಸನೆ ಹೊಡೆಯುತ್ತಿದ್ದವು.

ಅದಕ್ಕಿಂತ ದೊಡ್ಡ ಫಜೀತಿ ಮಾತಿನದು. ನಾನು "ಕಾಲು ಕೆಜಿ ಬೇಳೆ ಕೊಡಿ" ಎಂದರೆ ಕಿರಾಣಿ ಅಂಗಡಿಯವರು ನನ್ನ ಕಾಲನ್ನೇ ನೋಡುತ್ತಿದ್ದರು. ಕೊನೆಗೆ ಮನೆ ಒಡತಿ ಹೇಳಿಕೊಟ್ಟರು: ಕಾಲು ಅನ್ನಬೇಡ, ಪಾವು ಅನ್ನು. ಪಾವಕಿಲೋ ಎಂದೆ, ಬೇಳೆ ಬಂತು. ಹೀಗೆ ಒಂದೊಂದೇ ಮಾತು ಕಲಿತೆ. ಅರ್ಧ ಊರು ಮರಾಠಿ ಆಡುತ್ತದೆ, ಇನ್ನರ್ಧ ಊರಿನ ಕನ್ನಡದೊಳಗೂ ಮರಾಠಿ ಕಾಲು ಚಾಚಿ ಕೂತಿದೆ. ನಾನು ಅರ್ಥ ಕೇಳಿದಾಗಲೆಲ್ಲ ಕ್ಲಾಸಿನ ಹುಡುಗಿಯರು ಸೆರಗು ಬಾಯಿಗೊತ್ತಿ ನಗುತ್ತಿದ್ದರು. ಅದಕ್ಕೆ ಕೇಳುವುದನ್ನೇ ಬಿಟ್ಟು ಊಹಿಸುವುದನ್ನು ರೂಢಿಸಿಕೊಂಡೆ. ಹತ್ತರಲ್ಲಿ ಒಂಬತ್ತು ಊಹೆ ಸರಿಹೋಗುತ್ತಿತ್ತು. ನಾನು ಬುದ್ಧಿವಂತೆ ಎಂಬ ಜಂಬ ನನಗೆ ಮೊದಲಿನಿಂದಲೂ ಸ್ವಲ್ಪ ಇದೆ.

ದಸರೆಯ ಹೊತ್ತಿಗೆ ಆಕಾಶ ತಿಳಿಯಾಯಿತು. ಸಾವುಕಾರರು ಒಂದು ದಿನ ಮಹಡಿ ಹತ್ತಿ ಬಂದರು. ಹಣೆಯ ಮೇಲೆ ವಿಭೂತಿ, ಬಿಳೀ ಧೋತರ, ಅರವತ್ತು ದಾಟಿದ್ದರೂ ಎಳೆಯರ ಹುರುಪು. ಬೆಳಗಾವಿಯಲ್ಲಿ ಓದುವಾಗ ಅವರಿಗೆ ಸೈಕಲ್ ಓಟದ ಹುಚ್ಚು ಹತ್ತಿತ್ತಂತೆ. ಮೈ ಭಾರವಾದ ಮೇಲೂ ಹುಚ್ಚು ಇಳಿದಿರಲಿಲ್ಲ.

"ಅಕ್ಕಾರ, ಮೂರು ದಿನದ ಸೈಕಲ್ ಶರ್ಯತ್ತು ಇಡಾಕ ಹತ್ತೇವಿ. ಮೊದಲ ದಿನ ಬೆಳಗಾವಿಯಿಂದ ದೇಸೂರ ಮ್ಯಾಲ ಹಾದು ಖಾನಾಪುರ. ಎರಡನೇ ದಿನ ಇಲ್ಲಿಂದ ಜಾಂಬೋಟಿ, ಕಣಕುಂಬಿ. ಪೂರಾ ಏರು. ಮೂರನೇ ದಿನ ಕಣಕುಂಬಿಯಿಂದ ವಾಪಸ್ ಬೆಳಗಾವಿ. ಮೂರೂ ದಿನದ ಯಾಳೆ ಕೂಡಿಸಿ ಯಾವಂದು ಕಮ್ಮಿ ಆಗತೈತಿ, ಅಂವ ಗೆದ್ದಂಗ. ಹೆಸರಿನ ಯಾದಿ, ಟೈಮಿನ ಹಾಳಿ, ಎಲ್ಲಾ ನೀವ ಟೈಪ್ ಮಾಡಿ ಕೊಡಬೇಕ್ರಿ."

ಒಪ್ಪಿದೆ. ಒಪ್ಪದಿರುವುದು ಹೇಗೆ, ಅದು ಅವರದೇ ಮಹಡಿ.

ಓಟಕ್ಕೆ ಇನ್ನೊಂದು ಆಕರ್ಷಣೆ ಇತ್ತು. ಪುಣೆ ಕಡೆಯ ಒಂದು ಕಾರ್ಖಾನೆಯವರು ತಮ್ಮದೇ ಸೈಕಲ್ ತಂಡ ಕಟ್ಟುತ್ತಿದ್ದರು. ಸಂಬಳ ಕೊಟ್ಟು, ಇರಲು ಮನೆ ಕೊಟ್ಟು, ಸೈಕಲ್ ಹೊಡೆಯುವುದೇ ಕೆಲಸ ಎನ್ನುವಂಥ ತಂಡ. ಅವರ ಸಾಹೇಬರೊಬ್ಬರು ಬಂದು ಮೂರು ದಿನವೂ ನೋಡಿ, ಒಟ್ಟಿನಲ್ಲಿ ಮೊದಲ ಮೂವರನ್ನು ಕರೆದುಕೊಳ್ಳುವುದೆಂದು ಮಾತಾಗಿತ್ತು. ಕೊಲ್ಹಾಪುರದವರು, ವಿಜಾಪುರದವರು, ಬೆಳಗಾವಿಯವರು ಎಲ್ಲ ಸೇರಿ ಇಪ್ಪತ್ನಾಲ್ಕು ಮಂದಿ ಹೆಸರು ಕೊಟ್ಟರು. ಅದರಲ್ಲಿ ಹದಿನೇಳನೇ ನಂಬರು ಯಲ್ಲಪ್ಪನದು.

ಯಲ್ಲಪ್ಪ ಜಾಂಬೋಟಿ ರಸ್ತೆಯ ಗ್ಯಾಂಗಿನಲ್ಲಿ ದಿನಗೂಲಿ. ಮಳೆಯಲ್ಲಿ ಕಿತ್ತುಹೋದ ಗುಂಡಿಗಳಿಗೆ ಖಡಿ ತುಂಬಿ ಡಾಂಬರು ಸುರಿಯುವ ಕೆಲಸ. ಮೂವತ್ತು ದಾಟಿತ್ತೇನೋ. ಬುಟ್ಟಿ, ಪಿಕಾಸಿ ಹೊತ್ತ ಹಳೇ ಸೈಕಲಿನಲ್ಲಿ ದಿನಾ ಆ ಏರುಗಳನ್ನು ಹತ್ತಿ ಹತ್ತಿ ಅವನ ಮೀನಖಂಡಗಳು ಕಲ್ಲಾಗಿದ್ದವು. ಸಾವುಕಾರರು ಬೆಳಗಾವಿಯಿಂದ ಬಾಗಿದ ಹ್ಯಾಂಡಲಿನ ಸೈಕಲ್ ತರಿಸಿ ಅವನ ಕೈಗೆ ಕೊಟ್ಟಾಗ ಒಂದು ಬೆರಳಿಂದ ಎತ್ತಿ ನೋಡಿ, "ಇದಕ ಮೈಯಾಗ ಏನೂ ಇಲ್ಲಲ್ರಿ! ಗಾಳಿಗಿ ಹಾರಿ ಹೋದೀತು" ಎಂದು ನಕ್ಕಿದ್ದ.

ಅಕ್ಟೋಬರಿನ ಆ ಮುಂಜಾನೆಗಳು ನನಗೆ ಈಗಲೂ ಇಷ್ಟ. ನದಿಯ ಮೇಲೆ ಮಂಜು, ಗದ್ದೆಗಳಲ್ಲಿ ಬಾಗಿ ನಿಂತ ಭತ್ತ, ತಣ್ಣನೆಯ ರಸ್ತೆ. ಯಲ್ಲಪ್ಪ ಕೆಲಸಕ್ಕೆ ಮೊದಲು ಒಂದು ಸುತ್ತು, ಕೆಲಸ ಬಿಟ್ಟ ಮೇಲೆ ಒಂದು ಸುತ್ತು ಹೊಡೆಯುತ್ತಿದ್ದ. ಸಂಜೆ ಸೈಕಲನ್ನು ಗಿರಣಿಯ ಪಡಸಾಲೆಯಲ್ಲಿ ಇಟ್ಟು ಹೋಗುವುದು. ಅಲ್ಲೇ ಟ್ಯೂಬಿಗೆ ತೇಪೆ ಹಾಕುವುದು; ಸೊಲ್ಯೂಷನ್ ವಾಸನೆ ಮಹಡಿಯವರೆಗೂ ಬರುತ್ತಿತ್ತು. ಒಂದು ಸಲ ಅವನ ಹೆಂಡತಿ ಲಕ್ಕವ್ವ ಜೊತೆಗೆ ಬಂದಿದ್ದಳು. ಮಾತಿಗೆ ನಾಚುವ ಹೆಂಗಸು. ಮೆಟ್ಟಿಲವರೆಗೆ ಬಂದು, ತಿರುಗಿ ಹೋಗಿ, ಮತ್ತೆ ಬಂದು ಕೇಳಿದಳು: "ಅಕ್ಕಾರ, ಕಂಪನಿ ಮನ್ಯಾಗ ನಳ ಇರತೈತೇನ್ರಿ?"

ಅವರ ಹಳ್ಳಿ ನದಿಯಾಚೆಯ ದಿಬ್ಬದ ಮೇಲೆ. ಅವಳು ದಿನಾ ಎಂಟು ಕೊಡ ನೀರು ಹೊತ್ತು ಆ ದಿಬ್ಬ ಹತ್ತಬೇಕು. "ಇರುತ್ತೆ ಕಣಮ್ಮ, ಪುಣೆಯಲ್ಲಿ ಎಲ್ಲರ ಮನೇಲೂ ನಲ್ಲಿ ಇರುತ್ತೆ" ಎಂದೆ. ನಾನು ಪುಣೆ ನೋಡಿರಲಿಲ್ಲ. ಅವಳ ಮುಖ ಅರಳಿದ್ದು ನೋಡಿ ಅಂಥ ಮಾತು ಎಷ್ಟು ಬೇಕಾದರೂ ಹೇಳಬಹುದು ಅನಿಸಿತು.

ನವೆಂಬರಿನಲ್ಲಿ ಓಟ ನಡೆಯಿತು. ಮೊದಲ ದಿನ ಅಂಥದ್ದೇನೂ ಆಗಲಿಲ್ಲ. ದೇಸೂರಿನ ರೈಲ್ವೆ ಗೇಟು ದಾಟಿ ಎಲ್ಲರೂ ಒಂದೇ ಗುಂಪಾಗಿ ಬಂದರು. ಖಾನಾಪುರ ಪೇಟೆಯ ತುಂಬ ಜನ, ಮನೆಗಳ ಮಾಳಿಗೆಯ ಮೇಲೆಲ್ಲ ಹೆಂಗಸರು. ಹೆಚ್ಚುಕಡಿಮೆ ಇಪ್ಪತ್ತು ಮಂದಿಗೆ ಒಂದೇ ಸಮಯ. ಯಲ್ಲಪ್ಪನೂ ಆ ಇಪ್ಪತ್ತರಲ್ಲಿ ಒಬ್ಬ. "ನಾಳಿ ಅಸಲಿ ಆಟ" ಎಂದು ಸಾವುಕಾರರು ಕೈ ಉಜ್ಜಿಕೊಂಡರು.

ಹೊರಗಿನಿಂದ ಬಂದವರಿಗೆಲ್ಲ ಗಿರಣಿಯ ಗೋದಾಮಿನಲ್ಲಿ ಹಾಸಿಗೆ. ಯಲ್ಲಪ್ಪ ಮಾತ್ರ ಮನೆಗೆ ಹೊರಟಿದ್ದ. ಸಾವುಕಾರರು ಹತ್ತು ಕೆಲಸದ ನಡುವೆ ನನ್ನತ್ತ ತಿರುಗಿ, "ಅಕ್ಕಾರ, ನಾಳಿ ಮುಂಜಾನಿ ಪಾವಣೆ ಎಂಟಕ್ಕ ಬಿಡೂದು. ಇಲ್ಲಿದ್ದವರಿಗೆ ನಾ ಹೇಳತೇನಿ. ಯಲ್ಲಪ್ಪಗ ಒಂದು ಚೀಟಿ ಬರದು ಕೊಡ್ರಿ, ಅಂವ ಹೊಂಟಾನ" ಎಂದು ಹೇಳಿ ಹೋದರು.

ಪಾವಣೆ. ಆ ಮಾತು ನಾನು ಅದೇ ಮೊದಲು ಕೇಳಿದ್ದು. ಆದರೆ ನನಗೆ ಪಾವು ಗೊತ್ತಿತ್ತಲ್ಲ! ಪಾವು ಅಂದರೆ ಕಾಲು. ಪಾವಣೆ ಎಂಟು ಅಂದರೆ ಎಂಟೂ ಕಾಲು. ಯಾರನ್ನೂ ಕೇಳಲಿಲ್ಲ. ಊಹೆ ಎಷ್ಟು ಬೇಗ ಹೊಳೆಯಿತೆಂದು ಒಳಗೊಳಗೇ ಹಿಗ್ಗಿದೆ ಕೂಡ. ಚೀಟಿಯಲ್ಲಿ ಚಂದವಾಗಿ ಟೈಪ್ ಮಾಡಿದೆ: ಎರಡನೇ ಹಂತ, ಹೊರಡುವ ಸಮಯ ಬೆಳಿಗ್ಗೆ 8-15.

ಯಲ್ಲಪ್ಪ ಚೀಟಿ ಓದಿ, "ಎಂಟೂ ಹದಿನೈದೇನ್ರಿ? ಛಲೋ ಆತು. ಎಮ್ಮಿ ಹಿಂಡಿ, ಹಾಲ ಹಾಕಿ ಬರಾಕ ಯಾಳೆ ಸಿಗತೈತಿ" ಎಂದ.

ಮರುದಿನ ನಾನು ಲಕ್ಷಣವಾಗಿ ತಲೆ ಬಾಚಿ, ಹೂ ಮುಡಿದು ಓಟ ನೋಡಲು ಹೊರಟೆ. ನನ್ನ ಗಡಿಯಾರದಲ್ಲಿ ಸರಿಯಾಗಿ ಎಂಟು. ಕಾಲು ಗಂಟೆ ಮೊದಲೇ ಬಂದೆನೆಂಬ ಸಮಾಧಾನ. ಅತ್ತ ಸೇತುವೆಯ ಕಡೆಯಿಂದ ಬೆನ್ನಿಗೆ ಹದಿನೇಳು ಕಟ್ಟಿಕೊಂಡ ಯಲ್ಲಪ್ಪನೂ ಬಂದ. ಅವನಿಗೂ ಅದೇ ಸಮಾಧಾನ. ಇಬ್ಬರೂ ಪರಸ್ಪರ ನೋಡಿ ನಕ್ಕೆವು. ಆಮೇಲೆ ರಸ್ತೆ ನೋಡಿದೆವು. ಸುಣ್ಣದ ಗೆರೆಯ ಮೇಲೆ ಚೆಂಡುಹೂವಿನ ಪಕಳೆಗಳು ಬಿದ್ದಿದ್ದವು. ಒಂದು ನಾಯಿ ಅವನ್ನು ಮೂಸುತ್ತಿತ್ತು. ಬೇರೆ ಯಾರೂ ಇರಲಿಲ್ಲ.

ಮೂಲೆಯ ಚಹಾ ಅಂಗಡಿಯವ ಲೋಟ ತೊಳೆಯುತ್ತಿದ್ದವನು ತಲೆ ಎತ್ತಿದ. "ಏ ಯಲ್ಲಪ್ಪಾ, ನೀ ಇಲ್ಲೇ ಅದಿ! ಪಾವಣೆ ಎಂಟಕ್ಕ ಎಲ್ಲಾರೂ ಹ್ವಾದ್ರಲ್ಲೋ! ಎರಡ ಮಿನಿಟ ನಿನ್ನ ಹಾದಿ ಸೈತ ನೋಡಿದ್ರು."

"ಈಗಿನ್ನೂ ಎಂಟು ಗಂಟೆ" ಎಂದೆ ನಾನು.

"ಹೌದ್ರಿ ಅಕ್ಕಾರ. ಪಾವಣೆ ಎಂಟಾಗಿ ಹದಿನೈದ ಮಿನಿಟ ಆತು."

ಆಗ ಗೊತ್ತಾಯಿತು. ಪಾವು ಕಾಲು ಹೌದು. ಆದರೆ ಪಾವಣೆ ಎಂದರೆ ಕಾಲು ಕಡಿಮೆ. ಎಂಟಕ್ಕೆ ಕಾಲು ಗಂಟೆ ಕಡಿಮೆ. ನಮ್ಮ ಕಡೆ ಏಳೂ ಮುಕ್ಕಾಲು ಎನ್ನುವುದನ್ನು ಇವರು ಪಾವಣೆ ಎಂಟು ಎನ್ನುತ್ತಾರೆ. ಖಾನಾಪುರದ ಮೂರು ವರ್ಷದ ಮಗುವಿಗೂ ಗೊತ್ತಿದ್ದ ಲೆಕ್ಕ.

ಯಲ್ಲಪ್ಪ ಜೇಬಿನಿಂದ ಚೀಟಿ ತೆಗೆದು ಒಂದು ಸಲ ನೋಡಿದ. ನನ್ನ ಮುಖ ನೋಡಿದ. ಚೀಟಿಯನ್ನು ಮತ್ತೆ ಮಡಚಿ ಒಳಗಿಟ್ಟು, ಸೈಕಲ್ ಹತ್ತಿ ಹೊರಟುಬಿಟ್ಟ. ನಾನು ಏನಾದರೂ ಹೇಳುವ ಮೊದಲೇ ಅವನು ಜಾಂಬೋಟಿ ರಸ್ತೆಯ ತಿರುವಿನಲ್ಲಿದ್ದ.

ಆ ದಿನ ನಾನು ಗಿರಣಿಯ ಆಫೀಸಿನಲ್ಲಿ ಫೋನಿನ ಮುಂದೆ ಕುಳಿತಿದ್ದೆ. ಕಣಕುಂಬಿಯಿಂದ ಬರುವ ಸಮಯಗಳನ್ನು ಬರೆದುಕೊಂಡು ಟೈಪ್ ಮಾಡುವುದು ನನ್ನ ಕೆಲಸ. ಹೊರಗೆ ಒಳ್ಳೇ ಬಿಸಿಲು. ಅಂಗಳದಲ್ಲಿ ಹೊಸ ಭತ್ತ ಹರವಿ ಹೆಂಗಸರು ಕಾಲಿನಿಂದ ಆಡಿಸುತ್ತಿದ್ದರು. ಆ ಏರನ್ನು ನೆನೆಯುತ್ತಿದ್ದೆ. ಜಾಂಬೋಟಿ ದಾಟಿದ ಮೇಲೆ ಎರಡೂ ಕಡೆ ಕಾಡು, ಒಂದಾದ ಮೇಲೊಂದು ದಿಬ್ಬ, ನೆರಳಿನಲ್ಲಿ ಇನ್ನೂ ಆರದ ಹಸಿ. ಗುಂಪಿನಲ್ಲಿದ್ದವರು ಒಬ್ಬರ ಹಿಂದೆ ಒಬ್ಬರು ಗಾಳಿ ತಪ್ಪಿಸಿಕೊಂಡು ಹೋಗುತ್ತಾರೆ. ಇವನು ಒಬ್ಬನೇ. ಆದರೆ ಆ ರಸ್ತೆಯ ಗುಂಡಿ ಗುಂಡಿಯೂ ಇವನೇ ಮುಚ್ಚಿದ್ದು. ಹಾಗೆಂದು ಸಮಾಧಾನ ಮಾಡಿಕೊಂಡೆ.

ಹತ್ತರ ಸುಮಾರಿಗೆ ಫೋನು ಬಡಿಯಿತು. ಸಾವುಕಾರರು ಗಂಟಲು ಹರಿಯುವಂತೆ ಕೂಗುತ್ತಿದ್ದರು. ತಂತಿ ಅಷ್ಟು ಕೆಟ್ಟಿತ್ತು. ಇಪ್ಪತ್ನಾಲ್ಕು ನಂಬರುಗಳ ಸಮಯ ಹೇಳಿಸಿ ಬರೆದುಕೊಂಡೆ. ಯಲ್ಲಪ್ಪ ಹದಿಮೂರು ಜನರನ್ನು ಹಿಂದೆ ಹಾಕಿದ್ದ. ಹದಿನೈದು ನಿಮಿಷ ತಡವಾಗಿ ಹೊರಟವನು ಮೊದಲಿಗರಿಗಿಂತ ಎಂಟೇ ನಿಮಿಷ ಹಿಂದೆ ಮುಟ್ಟಿದ್ದ.

"ಹುಲಿ ಅದಾನ್ರೀ ಹುಲಿ! ಆದ್ರ ತಡಾ ಯಾಕಾತೋ ಅಂದ್ರ ಬಾಯಿ ಬಿಡವಲ್ಲ. ಮಂದಿ ಮಲ್ಕೊಂಡಿದ್ದ ಅಂತಾರ. ಖರೇ ಕಾರಣ ಏನರ ಇದ್ರ ಕಂಪನಿ ಸಾಹೇಬ್ರು ಮಿನಿಟ ಕಳದು ಕೊಡತೇನಿ ಅಂದಾರ. ನಿಮಗೇನರ ಗೊತ್ತೈತೇನ್ರಿ ಅಕ್ಕಾರ?"

ಇಷ್ಟು ನೇರವಾಗಿ ಕೇಳಿದರು. ನನ್ನ ಮುಂದೆ ಕ್ಲಾಸಿನ ಇಬ್ಬರು ಹುಡುಗಿಯರು ಕಾರ್ಬನ್ ಹಾಳೆ ಜೋಡಿಸುತ್ತ ನಿಂತಿದ್ದರು. ಪಾವಣೆ ಗೊತ್ತಿಲ್ಲದ ಮೈಸೂರು ಕಡೆ ಅಕ್ಕಾರು ಎಂದು ಇಡೀ ಪೇಟೆ ಸೆರಗು ಬಾಯಿಗೊತ್ತಿ ನಗುವುದು ಕಣ್ಣಿಗೆ ಕಟ್ಟಿತು. ಎಂಟೇ ನಿಮಿಷ ತಾನೆ, ನಾಳೆ ಅವನೇ ತುಂಬಿಕೊಳ್ಳುತ್ತಾನೆ ಎಂದೂ ಅನಿಸಿತು.

"ಗೊತ್ತಿಲ್ಲ ಸಾವುಕಾರರೇ" ಎಂದೆ.

ಊಹೆ ತಪ್ಪಿದ್ದಕ್ಕೆ ನನ್ನನ್ನು ನಾನು ಎಂದೋ ಕ್ಷಮಿಸಿದ್ದೇನೆ. ಈ ಮಾತಿಗೆ ಇಲ್ಲ.

ಮೂರನೇ ದಿನ ಮುಂಜಾನೆ ರೈಲಿನಲ್ಲಿ ಬೆಳಗಾವಿಗೆ ಹೋದೆ. ಟೈಪ್‌ರೈಟರನ್ನು ಕೈಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದೆ. ಓಟ ಮುಗಿಯುವಲ್ಲಿ ಒಂದು ಪೆಂಡಾಲು, ಬ್ಯಾಂಡು, ಹಾರಗಳು. ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಮೊದಲು ಕಾಣಿಸಿದ್ದು ಹದಿನೇಳು. ಒಬ್ಬನೇ. ಮುಖದ ಮೇಲೆ ಕೆಮ್ಮಣ್ಣು, ಬೆವರು ಇಳಿದ ಗೆರೆಗಳು. ಜನ ಹುಚ್ಚೆದ್ದು ಕೂಗಿದರು. ನಾನೂ ಕೂಗಿದೆ. ಆಮೇಲೆ ಗಡಿಯಾರ ನೋಡುತ್ತ ನಿಂತೆ. ಎಂಟು ನಿಮಿಷ ಯಾರೂ ಬರಬಾರದು, ದೇವರೇ, ಎಂಟೇ ನಿಮಿಷ. ಐದನೇ ನಿಮಿಷಕ್ಕೆ ಬಂದರು. ಹಿಂದಿನ ದಿನ ಮೊದಲು ಮುಟ್ಟಿದ್ದ ಮೂವರೂ ಒಟ್ಟಿಗೇ ಬಂದರು.

ಒಟ್ಟು ಲೆಕ್ಕ ನಾನೇ ಮಾಡಿದೆ. ಮೂರು ಸಲ ಕೂಡಿಸಿ ಮೂರು ಸಲ ಕಳೆದೆ. ಯಲ್ಲಪ್ಪ ನಾಲ್ಕನೆಯವ. ಮೂರನೆಯವನಿಗೂ ಅವನಿಗೂ ನಡುವೆ ಮೂರು ನಿಮಿಷ. ಹಾಳೆಯನ್ನು ಕಂಪನಿ ಸಾಹೇಬರ ಕೈಗಿಟ್ಟೆ. ಅವರು ಮೂವರ ಕೊರಳಿಗೆ ಹಾರ ಹಾಕಿ, ಕೈಗೆ ಲಕೋಟೆ ಕೊಟ್ಟು, ಮಧ್ಯಾಹ್ನದ ಗಾಡಿ ಹಿಡಿಯಲು ಅವಸರದಿಂದ ಹೊರಟರು. ಯಲ್ಲಪ್ಪ ಚಪ್ಪಾಳೆ ತಟ್ಟುತ್ತಿದ್ದ.

ಅವರ ಕಾರು ಹೋದ ಮೇಲೆ ನನಗೆ ಬಾಯಿ ಬಂತು. ಪೆಂಡಾಲಿನ ಹಿಂದೆ ಸಾವುಕಾರರನ್ನು ಕರೆದು ಚೀಟಿಯ ಕತೆ ಹೇಳಿದೆ. ಅವರು ಬೈಯಲಿಲ್ಲ. ಟೋಪಿ ತೆಗೆದು ತಲೆ ಒರೆಸಿಕೊಂಡರು. ಅಷ್ಟು ದಿನ ಅಕ್ಕಾರ ಅನ್ನುತ್ತಿದ್ದವರು ಅಂದು, "ನಿನ್ನಿ ಫೋನಿನ್ಯಾಗ ಕೇಳಿದ್ನಲ್ಲವಾ ತಂಗಿ" ಎಂದರು. ಅಷ್ಟೇ. ಆ ಒಂದು ಮಾತಿಗೆ ನಾನು ಅಲ್ಲೇ ನಿಂತು ಅತ್ತುಬಿಟ್ಟೆ.

ಅವರು ಅಂದೇ ಪುಣೆಗೆ ಕಾಗದ ಬರೆದರು. ಎರಡು ವಾರಕ್ಕೆ ಉತ್ತರ ಬಂತು: ಮೂರು ಜಾಗ ತುಂಬಿವೆ, ಮುಂದೆ ಅವಕಾಶ ಬಂದರೆ ನೋಡೋಣ. ಅಂಥ ಉತ್ತರದ ಅರ್ಥ ಊಹಿಸಲು ಬುದ್ಧಿವಂತಿಕೆ ಬೇಡ.

ಉತ್ತರ ಬಂದ ವಾರವೇ ನಾನು ಜಾಂಬೋಟಿ ರಸ್ತೆಗೆ ಹೋದೆ. ಗ್ಯಾಂಗಿನವರು ಡಾಂಬರು ಕಾಯಿಸುತ್ತಿದ್ದರು. ಯಲ್ಲಪ್ಪ ನನ್ನನ್ನು ಕಂಡು ಬದಿಗೆ ಬಂದು, ತಲೆಯ ಟವೆಲ್ ಬಿಚ್ಚಿ ಕಲ್ಲಿನ ಮೇಲೆ ಹಾಸಿ, "ಕುಂದರ್ರಿ ಅಕ್ಕಾರ, ಸೀರಿಗಿ ಡಾಂಬರ ಹತ್ತೀತು" ಎಂದ. ನಾನು ಕೂರಲಿಲ್ಲ. ತಪ್ಪಾಯಿತು ಎಂದೆ. ಆಮೇಲೆ, ಆ ದಿನದಿಂದ ಕೊರೆಯುತ್ತಿದ್ದುದನ್ನು ಕೇಳಿದೆ: "ಚೀಟಿ ನಿನ್ನ ಜೇಬಿನಲ್ಲೇ ಇತ್ತಲ್ಲ. ಯಾಕೆ ತೋರಿಸಲಿಲ್ಲ?"

ಅವನು ಅಂಗೈಗೆ ಅಂಟಿದ ಡಾಂಬರು ಉಜ್ಜಿ ತೆಗೆಯುತ್ತ ಹೇಳಿದ: "ಸಾವುಕಾರ್ರು ನಿಮಗ ಫೋನ್ ಹಚ್ಚಿದಾಗ ನಾ ಬಾಜೂಕ ನಿಂತಿದ್ನಿರಿ. ನೀವ ಹೇಳ್ತೀರಿ ಅಂತ ಕಾದ್ನಿ. ಅವರು, ಅಕ್ಕಾರಿಗೂ ಗೊತ್ತಿಲ್ಲಂತ ಅಂದ್ರು. ಆಮ್ಯಾಲ ಚೀಟಿ ತಗದು ತೋರಿಸಿದ್ರ ನೀವು ಸುಳ್ಳ ಹೇಳಿದಂಗ ಆಗತಿತ್ತಲ್ರಿ. ಓದಿದವರ ಮಾತ ಹಂಗ ನಾಕ ಮಂದ್ಯಾಗ ಮುರಿಯಾಕ ನನಗ ಮನಸ ಬರಲಿಲ್ಲ."

ಸಿಟ್ಟು ಬಂದಿದೆಯಾ ಎಂದು ಕೇಳಿದೆ.

"ಬಂದೈತ್ರಿ" ಎಂದ. ಮುಚ್ಚುಮರೆ ಇಲ್ಲದೆ, ದನಿ ಏರಿಸದೆ. "ಒಂದ ಕೆಲಸ ಮಾಡ್ರಿ. ನಾ ಹೊಂಟಿದ್ದ ಖರೇ ಯಾಳೆ ಹಿಡದು ಆ ಹಾಳಿ ಇನ್ನೊಮ್ಮೆ ಬರದು ಕೊಡ್ರಿ. ಮಲ್ಕೊಂಡಿದ್ದ ಅಂತ ಅಂದಾರಲ್ಲ ಮಂದಿ, ಅವರು ಓದಲಿ."

ಅಂದೇ ಹೊಸ ಹಾಳೆ ಟೈಪ್ ಮಾಡಿದೆ. ಹದಿನೈದು ನಿಮಿಷ ಕಳೆದರೆ ಮೊದಲನೆಯ ಹೆಸರು ಯಲ್ಲಪ್ಪನದು. ಎರಡನೆಯವನಿಗಿಂತ ಹನ್ನೆರಡು ನಿಮಿಷ ಮುಂದೆ. ಕೆಳಗೆ, ಚೀಟಿಯಲ್ಲಿ ಸಮಯ ತಪ್ಪಾಗಿ ಬರೆದವಳು ನಾನು ಎಂದು ಬರೆದು ಸಹಿ ಹಾಕಿದೆ. ಸಾವುಕಾರರು ಅದನ್ನು ಗಿರಣಿಯ ಬಾಗಿಲಿಗೆ ಅಂಟಿಸಿದರು. ಪೇಟೆ ಓದಿತು. ನಕ್ಕವರೂ ಇದ್ದರು. ಹೆದರಿದ್ದಷ್ಟು ನಗಲಿಲ್ಲ, ಇಷ್ಟಕ್ಕಾಗಿ ಹೆದರಿದೆನೇ ಎಂದು ಇನ್ನೂ ನಾಚಿಕೆಯಾಯಿತು.

ಸಂತೆಯ ದಿನ ಯಲ್ಲಪ್ಪ ಲಕ್ಕವ್ವನನ್ನು ಕರೆದುಕೊಂಡು ಬಂದ. ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಅವಳಿಗೆ ಓದು ಬರುತ್ತಿರಲಿಲ್ಲ. ಅವನು ಹಾಳೆಯ ಮೇಲೆ ಬೆರಳಿಟ್ಟು, "ಇದ ನೋಡು, ನನ್ನ ಹೆಸರ" ಎಂದ.

"ಎಲ್ಲಾರಕಿಂತ ಮ್ಯಾಲ ಐತಲ್ಲ!"

"ಹೂಂ. ಎಲ್ಲಾರಕಿಂತ ಮ್ಯಾಲ."

ಅವಳು ಆ ಹೆಸರನ್ನು ತಾನೂ ಒಮ್ಮೆ ಬೆರಳಿನಿಂದ ಮುಟ್ಟಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಈ ಸಲ ನಾಚಿಕೆ ಇರಲಿಲ್ಲ, ಮುಖವೆಲ್ಲ ಬೆಳಕಾಗಿತ್ತು.

"ಹಂಗಾರ ಅಕ್ಕಾರ, ನಾವು ಪುಣೇಕ ಯಾವಾಗ ಹೋಗಬೇಕ್ರಿ?"

ನಾನು ಯಲ್ಲಪ್ಪನ ಮುಖ ನೋಡಿದೆ. ನಾನೇ ಹೇಳಲಿ ಎಂದು ಕಾಯುತ್ತಿದ್ದ. ಮೆಟ್ಟಿಲಿಳಿದು ಹೋಗಿ ಅವಳ ಎದುರು ನಿಂತು, "ಹೋಗೋ ಹಾಗಿಲ್ಲ ಕಣಮ್ಮ, ಆ ಜಾಗ ನನ್ನ ತಪ್ಪಿನಿಂದ ಹೋಯ್ತು" ಎಂದು ಹೇಳಿದೆ.